ಇಂಟರ್‌ನೆಟ್ ಕಳೆದುಹೋಗಿದೆ, ಹುಡುಕಿಕೊಡಿ

ಸಾರ್ವಜನಿಕ ಗ್ರಂಥಾಲಯದಲ್ಲಿ 'ಕಂಪ್ಯೂಟರ್ ಸಹಾಯ' ಎಂದು ಬೋರ್ಡು ಇಟ್ಟ ಮೇಜಿನ ಹಿಂದೆ ಕೂತರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಬಂದವರು ಕೇಳುವುದೇ ಒಂದು, ಅವರಿಗೆ ಬೇಕಾಗಿರುವುದೇ ಇನ್ನೊಂದು. ನಾನು ಅಲ್ಲಿ ಸ್ವಯಂಸೇವಕಿ. ಸಂಬಳವಿಲ್ಲ. ಮನರಂಜನೆಗೆ ಮಾತ್ರ ಕೊರತೆಯಿಲ್ಲ.

"ಮೇಡಂ, ಇಂಟರ್‌ನೆಟ್ ಡಿಲೀಟ್ ಆಗ್ಬಿಟ್ಟಿದೆ" ಎಂದು ಒಬ್ಬರು ಬಂದರು. ಧ್ವನಿ ತಗ್ಗಿಸಿ ಹೇಳಿದರು. ಬೇರೆಯವರಿಗೆ ಗೊತ್ತಾದರೆ ಗಲಾಟೆಯಾಗುತ್ತದೆ ಎನ್ನುವ ಆತಂಕ ಮುಖದಲ್ಲಿತ್ತು. ಹೋಗಿ ನೋಡಿದರೆ ಬ್ರೌಸರಿನ ಐಕಾನ್ ಡೆಸ್ಕ್‌ಟಾಪಿನಿಂದ ಕಸದ ಬುಟ್ಟಿಗೆ ಹೋಗಿತ್ತು. ಎತ್ತಿ ಮೊದಲಿದ್ದಲ್ಲೇ ಇಟ್ಟೆ. ಅವರು ಕೈಮುಗಿದರು. ಜಗತ್ತಿನ ಇಂಟರ್‌ನೆಟ್ಟನ್ನು ಕಸದ ಬುಟ್ಟಿಯಿಂದ ಎತ್ತಿದ ಕೀರ್ತಿ ತಾನಾಗಿ ಬಂದಾಗ ಯಾಕೆ ಬೇಡ ಅನ್ನಬೇಕು, ಸುಮ್ನೆ ತಗೊಂಡೆ.

ಕೇಳುವುದಕ್ಕೂ ಬೇಕಾಗಿರುವುದಕ್ಕೂ ಇರುವ ಈ ಅಂತರ ನಾನು ಕಂಡುಹಿಡಿದದ್ದಲ್ಲ. ರಾಬರ್ಟ್ ಟೇಲರ್ ಎಂಬ ಅಮೆರಿಕದ ಗ್ರಂಥಾಲಯ ವಿದ್ವಾಂಸರು 1968ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಓದುಗರ ಪ್ರಶ್ನೆಗೆ ಅವರು ನಾಲ್ಕು ಹಂತ ಹೇಳಿದರು. ಮೊದಲು ಏನೋ ಬೇಕು ಅನ್ನಿಸುತ್ತದೆ, ಏನೆಂದು ಗೊತ್ತಿರುವುದಿಲ್ಲ. ಆಮೇಲೆ ತಲೆಯಲ್ಲಿ ಮಸುಕಾಗಿ ಮೂಡುತ್ತದೆ. ಮೂರನೆಯ ಹಂತದಲ್ಲಿ ಅದು ಸರಿಯಾದ ಪ್ರಶ್ನೆಯಾಗುತ್ತದೆ. ನಾಲ್ಕನೆಯದರಲ್ಲಿ, ಈ ಗ್ರಂಥಾಲಯದಲ್ಲಿ ಏನು ಸಿಗಬಹುದು ಎಂದು ಊಹಿಸಿ, ಅದಕ್ಕೆ ತಕ್ಕ ಹಾಗೆ ಪ್ರಶ್ನೆಯನ್ನು ಕತ್ತರಿಸಿ ಕೇಳುತ್ತಾರೆ. ನಮ್ಮ ಮೇಜಿಗೆ ಬರುವುದು ಈ ಕತ್ತರಿಸಿದ ಪ್ರಶ್ನೆ. ಎಷ್ಟೋ ಜನ ನಡುವಿನ ಎರಡು ಹಂತಕ್ಕೆ ಕಾಲಿಡದೆ ನೇರವಾಗಿ ಇಲ್ಲಿಗೇ ಬಂದಿರುತ್ತಾರೆ ಅನ್ನೋದು ನನ್ನ ಅನುಮಾನ.

ನಮ್ಮ ಲೈಬ್ರರಿಯನ್ ಸರ್ ಹತ್ತಿರ ಇದಕ್ಕೊಂದು ಉಪಾಯವಿದೆ. ಯಾರು ಏನೇ ಕೇಳಲಿ, ತಕ್ಷಣ ಉತ್ತರ ಕೊಡುವುದಿಲ್ಲ. "ಅದರಿಂದ ನಿಮಗೆ ಏನು ಕೆಲಸ ಆಗ್ಬೇಕು ಹೇಳಿ" ಅನ್ನುತ್ತಾರೆ. ಒಬ್ಬ ಯುವಕ "ಫೋಟೊಶಾಪ್ ಪೂರ್ತಿ ಕಲೀಬೇಕು ಸರ್, ಇವತ್ತೇ" ಎಂದು ಬಂದಿದ್ದ. ಬಾಯಿ ಬಿಡಿಸಿದಾಗ ಗೊತ್ತಾಯಿತು, ಯಾವುದೋ ಅರ್ಜಿಯಲ್ಲಿ ಫೋಟೊ 50 ಕೆಬಿಗಿಂತ ಚಿಕ್ಕದಿರಬೇಕು ಎಂದಿದೆಯಂತೆ. ಅವನದು 4 ಎಂಬಿ. ಚಿಕ್ಕದು ಮಾಡಬೇಕಲ್ಲ? ಗೆಳೆಯನ ಕೈಗೆ ಫೋನು ಕೊಟ್ಟು, "ಇನ್ನೂ ಹಿಂದೆ ಹೋಗೋ, ಇನ್ನೂ ಹಿಂದೆ" ಎಂದು ಬಹಳ ದೂರದಿಂದ ಫೋಟೊ ತೆಗೆಸಿಕೊಂಡಿದ್ದ. ಫೋಟೊದಲ್ಲಿ ಗೋಡೆ ಚೆನ್ನಾಗಿ ಬಂದಿತ್ತು. ಅವನನ್ನು ಹುಡುಕಬೇಕಿತ್ತು. ಫೈಲು ಮಾತ್ರ ಆಗಲೂ 4 ಎಂಬಿ!

ಅವನ ತರ್ಕವನ್ನು ನಾನು ಆಡಿಕೊಳ್ಳುವುದಿಲ್ಲ. '50 ಕೆಬಿಗಿಂತ ಚಿಕ್ಕದು' ಎಂದು ಬರೆದವರು, ಚಿಕ್ಕದಾಗಬೇಕಿರುವುದು ಫೈಲು, ಫೋಟೊದಲ್ಲಿರುವ ಮುಖ ಅಲ್ಲ ಎಂದು ಬಿಡಿಸಿ ಹೇಳಿರಲಿಲ್ಲವಲ್ಲ. 12 ಮೆಗಾಪಿಕ್ಸೆಲ್ ಕ್ಯಾಮೆರಾ ಹತ್ತಿರದಿಂದ ತೆಗೆದರೂ, ದೂರದಿಂದ ತೆಗೆದರೂ ಸುಮಾರು 1 ಕೋಟಿ 20 ಲಕ್ಷ ಚುಕ್ಕೆಗಳನ್ನೇ ಹಿಡಿಯುತ್ತದೆ. ಮುಖ ಚಿಕ್ಕದಾದರೆ ಮಿಕ್ಕ ಚುಕ್ಕೆಗಳು ಗೋಡೆಯ ಪಾಲು, ಅಷ್ಟೆ. ಚುಕ್ಕೆಗಳನ್ನೇ ಕಡಿಮೆ ಮಾಡಬೇಕು. ಅದಕ್ಕೆ ಫೋಟೊಶಾಪ್ ಬೇಡ, ವಿಂಡೋಸ್ ಜೊತೆ ಪುಕ್ಕಟೆ ಬರುವ ಪೇಂಟ್ ಸಾಕು. ಮೊದಲು ಹತ್ತಿರದಿಂದ ತೆಗೆದಿದ್ದ ಫೋಟೊವನ್ನೇ ತೆರೆದು ರೀಸೈಜ್ ಮಾಡಿದ. ಕೆಲಸ ಮುಗಿಯಿತು. ಪಾಪ, ಗೆಳೆಯ ಅಷ್ಟು ದೂರ ಹಿಂದಕ್ಕೆ ನಡೆದದ್ದು ವ್ಯರ್ಥವಾಯಿತು.

ಇನ್ನು ಪಾಸ್‌ವರ್ಡ್. ಗ್ರಂಥಾಲಯ ಅಂದರೆ ಸದ್ದು ಮಾಡಬಾರದ ಜಾಗ. ಪಾಸ್‌ವರ್ಡ್ ಅಂದರೆ ಯಾರಿಗೂ ಕೇಳಿಸಬಾರದ ಮಾತು. ಎರಡೂ ನಿಯಮಗಳನ್ನು ಒಂದೇ ಉಸಿರಿನಲ್ಲಿ ಮುರಿಯುವವರಿದ್ದಾರೆ. "ಬರ್ಕೊಳ್ಳಿ ಮೇಡಂ" ಎಂದು ಶುರು ಮಾಡಿ, ಮೊಮ್ಮಗಳ ಹೆಸರು, ಅದರಲ್ಲಿ ಯಾವ ಅಕ್ಷರ ಕ್ಯಾಪಿಟಲ್, ಅವಳು ಹುಟ್ಟಿದ ವರ್ಷ ಎಲ್ಲವನ್ನೂ ಓದುವ ಹಾಲಿಗೆಲ್ಲ ಕೇಳಿಸುವಂತೆ ಹೇಳುತ್ತಾರೆ. ಪೇಪರ್ ಓದುತ್ತಿದ್ದ ಒಬ್ಬರು ತಲೆ ಎತ್ತಿ "ಆಗಲೇ ಅಷ್ಟು ದೊಡ್ಡವಳಾದಳಾ?" ಎಂದು ವಿಚಾರಿಸಿದ್ದೂ ಉಂಟು.

ಬೇರೆಯವರ ಪಾಸ್‌ವರ್ಡನ್ನು ನಾವು ಒತ್ತುವಂತಿಲ್ಲ, ನೋಡುವಂತೆಯೂ ಇಲ್ಲ. ಅವರು ಒತ್ತುವಾಗ ಆ ಕಡೆ ತಿರುಗಿ ನಿಲ್ಲಬೇಕು. ಹಾಗೆ ನಿಂತು ನಿಂತು ಎದುರಿನ ಕಪಾಟಿನ ಪುಸ್ತಕಗಳ ಹೆಸರೆಲ್ಲ ನನಗೆ ಬಾಯಿಪಾಠವಾಗಿವೆ. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಲೆಕ್ಕದಲ್ಲಿ 640, ಅಂದರೆ ಮನೆವಾರ್ತೆಯ ಪುಸ್ತಕಗಳು. ಒಂದನ್ನೂ ಓದಿಲ್ಲ. ಆದರೆ ಯಾವುದು ಯಾವುದರ ಪಕ್ಕದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಪಾಸ್‌ವರ್ಡ್ ಸರಿಹೋಯಿತು ಅಂತಲೇ ಇಟ್ಟುಕೊಳ್ಳಿ. ಆಗ ಒಟಿಪಿ ಬರುತ್ತದೆ. ಆ ಖಾತೆ ಹಿಂದೆ ಯಾವತ್ತೂ ಗ್ರಂಥಾಲಯದ ಕಂಪ್ಯೂಟರನ್ನು ನೋಡಿರುವುದಿಲ್ಲ. ಅನುಮಾನಪಟ್ಟು ಫೋನಿಗೆ ಒಂದು ಸಂಖ್ಯೆ ಕಳಿಸುತ್ತದೆ. ಆ ಫೋನು ಮನೆಯಲ್ಲಿ ಚಾರ್ಜಿಗೆ ಇರುತ್ತದೆ. ಇಲ್ಲವೇ ಖಾತೆಗೆ ಕೊಟ್ಟ ನಂಬರು ಮಗನದಾಗಿರುತ್ತದೆ, ಮಗ ಮೀಟಿಂಗಿನಲ್ಲಿರುತ್ತಾನೆ. ಒಬ್ಬ ಅಮ್ಮ ಹೀಗೇ ಮಗನಿಗೆ ಮೇಲಿಂದ ಮೇಲೆ ಫೋನ್ ಮಾಡಿದರು. ಕಡೆಗೂ ಎತ್ತಿದ. "ಒಟಿಪಿ ಯಾರಿಗೂ ಹೇಳ್ಬಾರ್ದಮ್ಮ, ಎಷ್ಟು ಸಲ ಹೇಳಿದೀನಿ" ಎಂದ. "ಯಾರಿಗೂ ಅಂದ್ರೇನೋ, ನಾನು ನಿನ್ನ ಹೆತ್ತವಳು" ಎಂದರು ಇವರು. "ಮೋಸ ಮಾಡೋರೂ ಹಂಗೇ ಹೇಳ್ತಾರೆ" ಎಂದು ಫೋನಿಟ್ಟ. ಇವತ್ತಿನ ಕಾಲಕ್ಕೆ ಅವನು ಹೇಳಿದ್ದು ಸರಿಯೇ. ಅಮ್ಮನ ಮುಖ ನೋಡಿ ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಪಾಸ್‌ವರ್ಡಿನ ಪುಸ್ತಕ ಇಟ್ಟುಕೊಂಡು ಬರುವವರೂ ಇದ್ದಾರೆ. ಬರೆದದ್ದು, ಹೊಡೆದುಹಾಕಿದ್ದು, ಅದರ ಮೇಲೆ ಮತ್ತೆ ಬರೆದದ್ದು. ದೊಡ್ಡಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು, ಆಗಾಗ ಬದಲಿಸುತ್ತಲೂ ಇರಬೇಕು ಎಂದು ವರ್ಷಗಟ್ಟಲೆ ಕಾಡಿಸಿದ ಫಲ ಇದು. ಈ ಬಗೆಯ ಸಲಹೆಗಳನ್ನು 2003ರಲ್ಲಿ ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆಗೆ ಬರೆದುಕೊಟ್ಟವರು ಬಿಲ್ ಬರ್. ಅವರೇ 2017ರಲ್ಲಿ, ತಾವು ಹೇಳಿದ್ದರಲ್ಲಿ ಬಹುಪಾಲಿಗೆ ಈಗ ವಿಷಾದವಿದೆ ಎಂದರು. ಅದೇ ವರ್ಷ ಆ ಸಂಸ್ಥೆಯೂ ನಿಯಮ ತಿದ್ದಿತು. ಸುಮ್ಮಸುಮ್ಮನೆ ಬದಲಿಸುತ್ತಿರಬೇಡಿ, ಚಿಹ್ನೆ ತುರುಕುವುದಕ್ಕಿಂತ ಉದ್ದ ಇರುವುದು ಮುಖ್ಯ ಎಂದಿತು. ಈ ಸುದ್ದಿ ಎಷ್ಟೋ ಲಾಗಿನ್ ಪುಟಗಳಿಗೆ ಇನ್ನೂ ತಲುಪಿಲ್ಲ. ಅವು ಈಗಲೂ 'ನಿಮ್ಮ ಪಾಸ್‌ವರ್ಡಿನಲ್ಲಿ ಒಂದು ಚಿಹ್ನೆ ಇರಲಿ' ಎಂದು ಕೆಂಪಕ್ಷರದಲ್ಲಿ ಗದರುತ್ತವೆ.

ಅದನ್ನೂ ದಾಟಿದರೆ 'ನಾನು ರೋಬೋ ಅಲ್ಲ' ಎಂಬ ಪರೀಕ್ಷೆ. ನಿವೃತ್ತ ಮೇಷ್ಟ್ರೊಬ್ಬರಿಗೆ ಟ್ರಾಫಿಕ್ ಸಿಗ್ನಲ್ ಇರುವ ಚೌಕಗಳನ್ನು ಆರಿಸಿ ಎಂದಿತು. ಸಿಗ್ನಲ್ಲಿನ ಕಂಬವೂ ಸಿಗ್ನಲ್ಲಿಗೇ ಸೇರಿದ್ದು ಎಂದು ಅವರ ವಾದ. ಕಂಪ್ಯೂಟರ್ ಒಪ್ಪಲಿಲ್ಲ. ಮತ್ತೆ ಬೇರೆ ಚಿತ್ರ ಕೊಟ್ಟಿತು. ಮಕ್ಕಳನ್ನು ಫೇಲು ಮಾಡಿ ಅಭ್ಯಾಸವಿದ್ದವರಿಗೆ ತಾವೇ ಫೇಲಾಗುವುದು ಕಷ್ಟ. ಅವರನ್ನು ಸಮಾಧಾನ ಮಾಡಲು ಒಂದು ಹಳೆಯ ಕತೆ ಹೇಳಿದೆ. 2007ರಲ್ಲಿ ಶುರುವಾದ ರೀಕ್ಯಾಪ್ಚಾ ಎಂಬ ಇದೇ ಬಗೆಯ ಪರೀಕ್ಷೆಯಲ್ಲಿ ಮೊದಲು ಇಂಥ ಚಿತ್ರ ಇರಲಿಲ್ಲ, ಸೊಟ್ಟಗಿನ ಪದಗಳಿದ್ದವು. ಹಳೆಯ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವಾಗ ಯಂತ್ರಕ್ಕೆ ಓದಲಾಗದೆ ಉಳಿದ ಪದಗಳು ಅವು. ಲಾಗಿನ್ ಆಗಲು ಅದನ್ನು ಟೈಪಿಸಿದವರೆಲ್ಲ ತಮಗೇ ಗೊತ್ತಿಲ್ಲದೆ ಹಳೆಯ ಪುಸ್ತಕಗಳನ್ನು ಡಿಜಿಟಲ್ ಮಾಡಿದ್ದಾರೆ. ಮೇಷ್ಟ್ರು ಕೇಳಿಸಿಕೊಂಡು, "ಹಂಗಾದ್ರೆ ಈಗ ನನ್ನ ಕೈಲಿ ಏನು ಪುಕ್ಕಟೆ ಕೆಲಸ ಮಾಡಿಸ್ಕೋತಿದೆ?" ಎಂದರು. ಸಮಾಧಾನ ಕೆಲಸ ಮಾಡಲಿಲ್ಲ.

ಇ-ಪುಸ್ತಕದ್ದು ಇನ್ನೊಂದು ತಕರಾರು. "ಪುಸ್ತಕ ಹೊರಗೆ ಹೋಗಿದೆ, ನಿಮ್ಮ ಸರದಿ ಬಂದಾಗ ತಿಳಿಸುತ್ತೇವೆ" ಎಂದು ಪರದೆ ಹೇಳಿದಾಗ ಜನ ನನ್ನನ್ನು ನೋಡುವ ನೋಟ ನೋಡಬೇಕು. ಕಾಗದದ ಪುಸ್ತಕ ಹೊರಗೆ ಹೋಗುತ್ತದೆ, ಸರಿ. ಫೈಲು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗಿರುವುದಿಲ್ಲ. ಒಂದು ಪ್ರತಿಗೆ ಒಂದು ಸಲಕ್ಕೆ ಒಬ್ಬರೇ ಓದುಗರು ಎಂಬ ಷರತ್ತಿನ ಮೇಲೆ ಪರವಾನಗಿ ಕೊಂಡಿರುತ್ತಾರೆ. ಒಂದು ದೊಡ್ಡ ಪ್ರಕಾಶನ ಸಂಸ್ಥೆ 2011ರಲ್ಲಿ ಇನ್ನೂ ಮುಂದೆ ಹೋಯಿತು. ಗ್ರಂಥಾಲಯ ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಟ್ಟರೆ ಅವಧಿ ಮುಗಿಯಿತು, ಮತ್ತೆ ಕೊಳ್ಳಬೇಕು ಎಂದಿತು. ಕಾಗದದ ಪುಸ್ತಕ ಅಷ್ಟರಲ್ಲಿ ಸವೆಯುತ್ತದೆ ಎಂಬ ಲೆಕ್ಕ. ನಮ್ಮಲ್ಲಿ ಬೆನ್ನು ಕಿತ್ತು, ಪುಟ ಮಡಚಿ, ಯಾರದೋ ಪೆನ್ಸಿಲ್ ಟೀಕೆಗಳನ್ನೂ ಹೊತ್ತು ಅದರ ಎಷ್ಟೋ ಪಟ್ಟು ಸುತ್ತಾಡಿದ ಪುಸ್ತಕಗಳಿವೆ. ಒಂದಕ್ಕೂ ನಿವೃತ್ತಿ ಸಿಕ್ಕಿಲ್ಲ.

ಅವಧಿ ಮುಗಿದ ದಿನ ಇ-ಪುಸ್ತಕ ತಾನಾಗಿ ವಾಪಸ್ ಹೋಗುತ್ತದೆ. ದಂಡವಿಲ್ಲ, ಒಳ್ಳೆಯದೇ. ಆದರೆ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರನ ಹೆಸರು ಇನ್ನೇನು ಹೊರಬೀಳಬೇಕು ಅನ್ನುವಾಗ ಪುಸ್ತಕವೇ ಮಾಯವಾದರೆ? ಹಾಗಾದ ಒಬ್ಬ ಮಹಿಳೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಂದು ನಿಂತಿದ್ದರು. ಅವರಿಗೆ ನನ್ನಿಂದ ಕಂಪ್ಯೂಟರ್ ಸಹಾಯ ಬೇಕಿರಲಿಲ್ಲ. ಕೊಂದವರು ಯಾರು ಎಂದು ಹೇಳಿದರೆ ಸಾಕಿತ್ತು.

ಇಷ್ಟೆಲ್ಲ ತಮಾಷೆಯ ನಡುವೆ ನಿಜವಾಗಿ ಹೊಟ್ಟೆ ಉರಿಸುವುದು ಟೈಮರ್. ಸಾರ್ವಜನಿಕ ಕಂಪ್ಯೂಟರಿನಲ್ಲಿ ಒಬ್ಬರಿಗೆ ಇಷ್ಟು ಹೊತ್ತು ಎಂದು ಇರುತ್ತದೆ. ಹೊತ್ತು ಮುಗಿದರೆ ಅದು ಲಾಗೌಟ್ ಮಾಡಿ, ನೀವು ಮಾಡಿದ್ದನ್ನೆಲ್ಲ ಒರೆಸಿ, ಮುಂದಿನವರಿಗೆ ಹೊಸದಾಗಿ ಸಿದ್ಧವಾಗುತ್ತದೆ. ನಿಮ್ಮ ಮೇಲ್ ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಎಂಬ ಕಾಳಜಿ. ಒಬ್ಬಾಕೆ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ತನ್ನ ಬಯೋಡೇಟ ಟೈಪ್ ಮಾಡಿದ್ದಳು. ಡೆಸ್ಕ್‌ಟಾಪಿನಲ್ಲೇ ಸೇವ್ ಮಾಡಿದ್ದಳು. ಐದು ನಿಮಿಷದ ಎಚ್ಚರಿಕೆ ಬಂದಾಗ ಅದನ್ನು ಜಾಹೀರಾತು ಎಂದುಕೊಂಡು ಮುಚ್ಚಿದಳು. ಜಾಹೀರಾತು ಮುಚ್ಚಿ ಎಂದು ಹಿಂದಿನ ವಾರದ ತರಗತಿಯಲ್ಲಿ ನಾವೇ ಹೇಳಿಕೊಟ್ಟಿದ್ದೆವು! ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಿ ಎನ್ನುವುದು. ಆ ಸೂತ್ರವನ್ನು ಲೈಬ್ರರಿಯನ್ ಸರ್ ಚೌಕಟ್ಟು ಹಾಕಿಸಿ ಅದೇ ಕಂಪ್ಯೂಟರಿನ ಮೇಲೆ ತೂಗುಹಾಕಿದ್ದರು. ಈಗ ಅದರ ಕೆಳಗೆ ಇನ್ನೊಂದು ಚೀಟಿ ಇದೆ: 'ಪೆನ್‌ಡ್ರೈವಿನಲ್ಲಿ ಸೇವ್ ಮಾಡಿ ಅಥವಾ ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ.' ಆಕೆ ಎರಡನೆಯ ಸಲ ಟೈಪ್ ಮಾಡುವಾಗ ಟೈಮರನ್ನು ಮೇಲಿಂದ ಮೇಲೆ ಮುಂದಕ್ಕೆ ತಳ್ಳಿದ್ದು ಲೈಬ್ರರಿಯನ್ ಸರ್. ನಿಯಮದಲ್ಲಿ ಹಾಗೆ ಇಲ್ಲ.

ನಮ್ಮ ಮೇಜಿಗೂ ಒಂದು ನಿಯಮವಿದೆ. ಮೌಸ್ ಮುಟ್ಟಬಾರದು. ಕಲಿಯುವವರ ಕೈಯಲ್ಲೇ ಅದು ಇರಬೇಕು. ಹೇಳಲು ಸುಲಭ. 'ಕಳಿಸಿ' ಎಂಬ ಬಟನ್ ಕಣ್ಣೆದುರು ಇರುತ್ತದೆ. ಬಾಣ ಅದರ ಹತ್ತಿರ ಬರುತ್ತದೆ, ದಾಟಿ ಹೋಗುತ್ತದೆ, ವಾಪಸ್ ಬರುತ್ತದೆ, ಮತ್ತೆ ದಾಟುತ್ತದೆ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಗೌರವದಿಂದ ನಿಂತಿದ್ದೇನೆ ಎಂದುಕೊಂಡು ಕೆಲವರು ಕೂರಲು ಹೇಳುತ್ತಾರೆ.

ಚಿಕ್ಕವರಿಗೆ ಸಹಾಯ ಬೇಡ ಎಂದು ನೀವು ಅಂದುಕೊಂಡಿದ್ದರೆ ತಪ್ಪು. ಫೋನಿನಲ್ಲೇ ಬೆಳೆದ ಹುಡುಗರಿಗೆ ಫೋಲ್ಡರ್ ಅಂದರೇನೆಂದು ಗೊತ್ತಿರುವುದಿಲ್ಲ. ಮೊನ್ನೆ ಒಬ್ಬ ಕಾಲೇಜು ಹುಡುಗ ಅರ್ಜಿ ಟೈಪಿಸಿ ಅಟ್ಯಾಚ್ ಮಾಡಲು ಒದ್ದಾಡುತ್ತಿದ್ದ.

"ಸೇವ್ ಮಾಡಿದೆ ಮೇಡಂ."

"ಎಲ್ಲಿ?"

"ಸೇವ್ ಮಾಡಿದೆ ಅಂದ್ನಲ್ಲ."

ಪಕ್ಕದಲ್ಲಿ ಕೂತಿದ್ದವರು ಆಫೀಸೊಂದರ ರೆಕಾರ್ಡ್ ರೂಮಿನಲ್ಲಿ ಸರ್ವೀಸು ಮುಗಿಸಿದ ಹಿರಿಯರು. ಮೌಸ್ ಹಿಡಿಯಲು ಕಲಿಯುತ್ತಿದ್ದರು. ಅವರಿಗೆ ತಡೆಯಲಾಗಲಿಲ್ಲ. "ಲೋ ಮರಿ, ಬೀರು ಒಂದು, ಬೀರುವಿನಲ್ಲಿ ಅರೆ, ಅರೆಯಲ್ಲಿ ಕಟ್ಟು, ಕಟ್ಟಿನಲ್ಲಿ ನಿನ್ನ ಕಾಗದ. ನೀನು ಯಾವ ಅರೆಯಲ್ಲಿ ಇಟ್ಟೆ?" ಎಂದರು. ಹುಡುಗನಿಗೆ ಥಟ್ಟನೆ ಅರ್ಥವಾಯಿತು. ಇಷ್ಟು ದಿನ ನಾನು 'ಡೈರೆಕ್ಟರಿ', 'ಪಾತ್' ಎಂದೆಲ್ಲ ಹೇಳಿ ಸುಸ್ತಾಗಿದ್ದು ದಂಡ. ಪ್ರತಿಯಾಗಿ ಹುಡುಗ ಅವರ ಫೋನಿನ ಅಕ್ಷರ ದೊಡ್ಡದು ಮಾಡಿಕೊಟ್ಟ. "ಕನ್ನಡಕ ಬದಲಿಸ್ಬೇಕು ಅಂತ ಡಾಕ್ಟ್ರ ಹತ್ರ ಹೊರಟಿದ್ದೆನಲ್ಲಯ್ಯ" ಎಂದರು ಹಿರಿಯರು.

ಆಮೇಲೆ ಫೈಲಿಗೆ ಹೆಸರಿಡುವ ವಿಚಾರ ಬಂತು. ಹುಡುಗ 'ಫೈನಲ್ ಹೊಸದು 2' ಎಂದು ಇಟ್ಟಿದ್ದ. ಹಿರಿಯರಿಗೆ ಅದು ಸಹಿಸದಾಯಿತು. ವಿಭಾಗ, ಓರೆಗೆರೆ (/), ಸಂಖ್ಯೆ, ಓರೆಗೆರೆ, ವರ್ಷ ಎಂದು ಕ್ರಮವಾಗಿ ಬರೆಸಿದರು. ವಿಂಡೋಸ್ ಒಪ್ಪಲಿಲ್ಲ. ಫೈಲಿನ ಹೆಸರಿನಲ್ಲಿ ಓರೆಗೆರೆ ಇರುವಂತಿಲ್ಲ ಎಂದು ಸಂದೇಶ ಬಂತು. ಮತ್ತೆ ಬರೆಸಿದರು, ಮತ್ತೆ ಬಂತು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನನ್ನ ಸರ್ವೀಸಿನಲ್ಲಿ ಓರೆಗೆರೆ ಇಲ್ಲದ ಫೈಲೇ ನೋಡಿಲ್ಲ ಮೇಡಂ. ಈ ಕಂಪ್ಯೂಟರಿಗೆ ಫೈಲು ಅಂದ್ರೇನು ಅಂತ ಯಾರಾದ್ರೂ ಕಲಿಸಿದಾರಾ?"