ಚೈನಾಟೌನನ್ನು ಉಳಿಸಿದ್ದು ಪಗೋಡಾ ವೇಷವೇ?

ಪರ

1906ರ ಏಪ್ರಿಲ್ 18ರ ಭೂಕಂಪ, ಅದರ ಬೆನ್ನಿಗೇ ಎದ್ದ ಬೆಂಕಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ಚೀನೀಯರ ಕೇರಿ ಚೈನಾಟೌನನ್ನು ಸುಟ್ಟು ಬೂದಿ ಮಾಡಿದವು. ಬೂದಿ ಆರುವ ಮೊದಲೇ, ಚೀನೀಯರನ್ನು ಊರಂಚಿನ ಹಂಟರ್ಸ್ ಪಾಯಿಂಟ್‌ಗೆ ಸಾಗಹಾಕುವ ಮಾತು ನಗರದ ಮುಖಂಡರಲ್ಲಿ ಶುರುವಾಗಿತ್ತು. ಊರ ನಡುವಿನ ಜಾಗ, ಕಣ್ಣು ಬೀಳದಿದ್ದೀತೇ? ವಲಸೆ ಬಂದ ಚೀನೀಯರಿಗೆ 1882ರ ಕಾಯ್ದೆ ಪೌರತ್ವದ ಬಾಗಿಲನ್ನೇ ಮುಚ್ಚಿತ್ತು, ಹಾಗಾಗಿ ವೋಟಿನ ಬಲವೂ ಇಲ್ಲ.

ವ್ಯಾಪಾರಿ ಲುಕ್ ಟಿನ್ ಈಲೈ ಮತ್ತು ಸಂಗಡಿಗರು ಹಿಡಿದದ್ದು ವ್ಯಾಪಾರಿಗಳಿಗೆ ಹೊಳೆಯುವ ದಾರಿ: ಗಿರಾಕಿ ತಾನಾಗಿ ಬರುವಂಥ ಬೀದಿ ಕಟ್ಟುವುದು. ಗ್ರಾಂಟ್ ಅವೆನ್ಯೂ, ಕ್ಯಾಲಿಫೋರ್ನಿಯಾ ಸ್ಟ್ರೀಟ್ ಕೂಡುವಲ್ಲಿ ಸಿಂಗ್ ಚೊಂಗ್, ಸಿಂಗ್ ಫ್ಯಾಟ್ ಕಟ್ಟಡಗಳು ಎದ್ದವು. ಕೆಳಗೆಲ್ಲ ಅಮೆರಿಕದ ಮಾಮೂಲಿ ಅಂಗಡಿ ಮಳಿಗೆ. ನೆತ್ತಿಯಲ್ಲಿ ಮಾತ್ರ ಚೀನೀ ಪಗೋಡಾದಂತೆ ತುದಿ ಬಾಗಿದ ಸೂರು, ಗೋಪುರ. ವಿನ್ಯಾಸ ಪ್ಯಾಟರ್ಸನ್ ರಾಸ್ ಎಂಬ ಬಿಳಿಯ ವಾಸ್ತುಶಿಲ್ಪಿಯದು. ವೇಷವೇ, ಒಪ್ಪೋಣ. ಆದರೆ ಕೊಳಕು ಕೇರಿ ಎಂದು ಜರೆದ ಊರೇ ನೆಂಟರನ್ನು ಅಲ್ಲಿಗೆ ಕರೆದೊಯ್ಯತೊಡಗಿತು. ಲಾಸ್ ಏಂಜಲಿಸ್‌ನಲ್ಲಿ ಹಳೆಯ ಚೈನಾಟೌನ್ ಯೂನಿಯನ್ ಸ್ಟೇಷನ್ನಿಗಾಗಿ ನೆಲಸಮವಾಯಿತು. 1938ರಲ್ಲಿ ಹೊಸದು ತೆರೆದಾಗ ಅದೂ ಇದೇ ವೇಷ ತೊಟ್ಟಿತು.

ವಿರೋಧ

ಸೂರು ಏಳುವ ಹೊತ್ತಿಗೆ ಜಾಗದ ಜಗಳ ಮುಗಿದಿತ್ತು. ಬಿಳಿಯ ಮಾಲೀಕರಿಗೆ ಚೀನೀಯರ ಬಾಡಿಗೆ ಬೇಕಿತ್ತು; ಚೀನಾದ ವ್ಯಾಪಾರ ಬೇರೆ ಬಂದರಿಗೆ ಹೋದೀತೆಂಬ ಅಳುಕು ನಗರಕ್ಕಿತ್ತು; ಕಾನ್ಸುಲೇಟನ್ನು ಅಲ್ಲೇ ಕಟ್ಟುತ್ತೇವೆಂದು ಚೀನೀ ಸರ್ಕಾರ ಪಟ್ಟು ಹಿಡಿದಿತ್ತು.

ಗ್ರಾಂಟ್ ಅವೆನ್ಯೂವಿನಿಂದ ಒಂದು ಬೀದಿ ಏರು ಹತ್ತಿದರೆ ಸ್ಟಾಕ್ಟನ್ ಸ್ಟ್ರೀಟ್. ಸೊಪ್ಪು, ಮೀನಿನ ನಿಜವಾದ ಸಂತೆ ಅಲ್ಲಿದೆ. ಸುತ್ತಲಿನ ಮಹಡಿಗಳಲ್ಲಿ ಸುಮಾರು 8 ಅಡಿಗೆ 10 ಅಡಿಯ ಬಾಡಿಗೆ ಕೋಣೆಗಳು: ಎರಡಂತಸ್ತಿನ ಮಂಚ, ಮಂಚದಡಿ ಅಕ್ಕಿ ಚೀಲ, ಹಲವರಿಗೆ ಸೇರಿ ಒಂದೇ ಅಡುಗೆಮನೆ, ಒಂದೇ ಶೌಚಾಲಯ. ಚೈನಾಟೌನ್ ಅಂದರೆ ಈ ಕೋಣೆಗಳೇ. 1977ರ ಆಗಸ್ಟ್‌ನಲ್ಲಿ ಇಂಥದೇ ಬಾಡಿಗೆ ಕೋಣೆಗಳ ಪಕ್ಕದ ಇಂಟರ್‌ನ್ಯಾಷನಲ್ ಹೋಟೆಲಿನಿಂದ ಫಿಲಿಪಿನೋ, ಚೀನೀ ವೃದ್ಧರನ್ನು ಪೊಲೀಸರು ನಡುರಾತ್ರಿ ಹೊರಹಾಕಿದಾಗ ಯಾವ ಗೋಪುರವೂ ಅಡ್ಡ ಬರಲಿಲ್ಲ. ಇಂಥ ಕೋಣೆಗಳು ಪ್ರವಾಸಿ ಹೋಟೆಲಾಗದಂತೆ ತಡೆದದ್ದು 1981ರ ನಗರ ನಿಯಮ. 1986ರ ವಲಯ ಯೋಜನೆ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿತು. ಪಕ್ಕದ ಗಗನಚುಂಬಿಗಳು ಒಳನುಗ್ಗಲಾಗಲಿಲ್ಲ.

ಬರೀ ವೇಷ ಉಳಿದರೆ ಏನಾಗುತ್ತದೆಂದು ನೋಡಲು ವಾಷಿಂಗ್ಟನ್ ನಗರದ ಚೈನಾಟೌನಿಗೆ ಹೋಗಬೇಕು. ಅಲ್ಲಿ 1986ರಲ್ಲಿ ಬಣ್ಣಬಣ್ಣದ ಭಾರೀ ಕಮಾನು ಎದ್ದಿತು. 1997ರಲ್ಲಿ ಪಕ್ಕದಲ್ಲೇ ಕ್ರೀಡಾಂಗಣ ಬಂತು, ಬಾಡಿಗೆ ಏರಿತು. ಈಗ ಕಾಫಿ ಸರಣಿಯ ಅಂಗಡಿಗೂ ಚೀನೀ ಅಕ್ಷರದ ಫಲಕವಿದೆ. ಉಳಿದ ಚೀನೀಯರಲ್ಲಿ ಹೆಚ್ಚಿನವರು ವಾಹ್ ಲಕ್ ಹೌಸ್ ಎಂಬ ವಸತಿ ಕಟ್ಟಡದ ಹಿರಿಯರು. ತಮ್ಮ ಅಡುಗೆಯ ಸೊಪ್ಪು, ದಿನಸಿಗೆ ಅವರು ಉಪನಗರದ ಬಸ್ಸು ಹತ್ತುತ್ತಾರೆ.