ಎಂವಿಎ ಮುಗೀತು, ಪ್ರೆಸ್ ಎಲ್ಲಿ?

ಪ್ರಿಂಟ್‌ಮೇಕಿಂಗ್‌ನಲ್ಲಿ ಎಂವಿಎ (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಮಾಡಲಾ ಅಂತ ಕೇಳುವ ಹುಡುಗ ಹುಡುಗಿಯರಿಗೆ ನಾನು ಯಾವಾಗಲೂ ಮಾಡಿ ಅಂತಲೇ ಹೇಳುತ್ತೇನೆ. ನಾನೂ ಅದನ್ನೇ ಓದಿದವನು. ಆ ಎರಡು ವರ್ಷ ನನಗೆ ಕೊಟ್ಟಿದ್ದನ್ನು ಬೇರೆ ಯಾವ ಓದೂ ಕೊಟ್ಟಿಲ್ಲ. ಆದರೆ ಜೊತೆಗೇ ಇನ್ನೊಂದು ಮಾತೂ ಹೇಳುತ್ತೇನೆ. ಕೋರ್ಸ್ ಮುಗಿದ ಮೇಲೆ ನಿಮ್ಮ ಹತ್ತಿರ ಡಿಗ್ರಿ ಇರುತ್ತದೆ, ಅಚ್ಚು ತೆಗೆಯುವ ಪ್ರೆಸ್ ಇರುವುದಿಲ್ಲ. ಇದರ ಬಗ್ಗೆ ನಮ್ಮಲ್ಲಿ ಗಟ್ಟಿಯಾಗಿ ಮಾತಾಡುವವರು ಕಡಿಮೆ. ಅದಕ್ಕೇ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಪ್ರಿಂಟ್‌ಮೇಕಿಂಗ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಮರ, ಲಿನೋಲಿಯಂ, ತಾಮ್ರ, ಸತು, ಕಲ್ಲು, ಇವುಗಳಲ್ಲಿ ಯಾವುದಾದರೊಂದರ ಮೇಲೆ ಕಲಾವಿದ ತಾನೇ ಚಿತ್ರ ಮಾಡಿ, ತಾನೇ ಇಂಕ್ ಹಚ್ಚಿ, ಇಷ್ಟೇ ಪ್ರತಿ ಅಂತ ತೀರ್ಮಾನಿಸಿ ತೆಗೆಯುವ ಅಚ್ಚು ಇದು. ಪ್ರಿಂಟಿನ ಕೆಳಗೆ ಪೆನ್ಸಿಲ್‌ನಲ್ಲಿ 3/10 ಅಂತ ಬರೆದಿದ್ದರೆ ಹತ್ತು ಪ್ರತಿಗಳಲ್ಲಿ ಅದು ಮೂರನೆಯದು. ಹತ್ತೂ ಮೂಲ ಕೃತಿಗಳೇ. ಚಿತ್ರಸಂತೆಯಲ್ಲಿ ಜನ "ಇದು ಬರೀ ಪ್ರಿಂಟಾ?" ಅಂತ ಕೇಳಿ ಮುಂದೆ ಹೋಗುವುದನ್ನು ತುಂಬಾ ನೋಡಿದ್ದೇನೆ. ಐದು ನಿಮಿಷ ನಿಂತು ಕೇಳಿದರೆ ಅವರಿಗೂ ಅರ್ಥವಾಗುತ್ತದೆ.

ಅದಕ್ಕೂ ಮೊದಲಿನ ಪದವಿ ಬಿವಿಎಯಲ್ಲಿ ಇದನ್ನೆಲ್ಲ ಒಂದು ಸುತ್ತು ರುಚಿ ನೋಡಿರುತ್ತೇವೆ. ಒಂದಿಷ್ಟು ದಿನ ಲಿನೋಕಟ್, ಒಂದಿಷ್ಟು ದಿನ ವುಡ್‌ಕಟ್, ಆಮೇಲೆ ಪ್ಲೇಟನ್ನು ಸೂಜಿಯಿಂದ ನೇರವಾಗಿ ಗೀಚುವ ಡ್ರೈಪಾಯಿಂಟ್, ಆಸಿಡ್‌ನಿಂದ ಕೊರೆಸುವ ಎಚ್ಚಿಂಗ್. ಯಾವುದರಲ್ಲೂ ಕೈ ಕೂರುವಷ್ಟು ಸಮಯ ಸಿಗುವುದಿಲ್ಲ. ಎಂವಿಎಗೆ ಬಂದ ಮೇಲೆ ಒಂದೇ ಪ್ಲೇಟಿನ ಜೊತೆ ತಿಂಗಳುಗಟ್ಟಲೆ ಇರಬಹುದು. ಇದು ದೊಡ್ಡ ವಿಷಯ. ಎಚ್ಚಿಂಗ್‌ಗೆ ಬಳಸುವ ಸತುವಿನ ಪ್ಲೇಟು ತಗೊಳ್ಳಿ. ಅಂಚನ್ನು ಅರದಿಂದ ಓರೆಯಾಗಿ ಉಜ್ಜಬೇಕು, ಇಲ್ಲದಿದ್ದರೆ ಕಾಗದ ಹರಿಯುತ್ತದೆ. ಮೇಲ್ಮೈಯನ್ನು ಜಿಡ್ಡಿಲ್ಲದಂತೆ ತೊಳೆದು, ಜೇನುಮೇಣ, ಬಿಟುಮನ್, ರಾಳ ಸೇರಿಸಿ ಮಾಡಿದ, ಆಸಿಡ್ ತಡೆಯುವ ಗ್ರೌಂಡ್ ಅನ್ನುವ ಲೇಪ ಹಚ್ಚಬೇಕು. ಅದು ಒಣಗಿದ ಮೇಲೆ ಸೂಜಿಯಿಂದ ಗೀಚಿದಲ್ಲಿ ಲೋಹ ಕಾಣುತ್ತದೆ, ಆಸಿಡ್‌ನಲ್ಲಿ ಇಟ್ಟಾಗ ಅಷ್ಟೇ ಜಾಗ ಕೊರೆಯುತ್ತದೆ. ಗೆರೆ ಮೇಲೆ ಏಳುವ ಗುಳ್ಳೆಗಳನ್ನು ಹಕ್ಕಿ ಗರಿಯಿಂದ ಸವರುತ್ತಾ ನಿಲ್ಲಬೇಕು. ಎಷ್ಟು ಹೊತ್ತು ಬಿಟ್ಟರೆ ಎಷ್ಟು ಕಪ್ಪು ಬರುತ್ತದೆ ಅನ್ನುವುದು ಪುಸ್ತಕ ಓದಿದರೆ ಬರುವುದಿಲ್ಲ. ಆಸಿಡ್ ಹೊಸದೋ ಹಳೆಯದೋ, ದಿನ ಬಿಸಿಯೋ ತಂಪೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಪ್ರೂಫ್, ಅಂದರೆ ಪರೀಕ್ಷೆಯ ಅಚ್ಚು, ತೆಗೆಯುವುದು. ಇಂಕ್ ತುಂಬಿ, ಮಲ್ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಅಂಗೈಯಿಂದ ಒರೆಸಿ, ನೆನೆಸಿಟ್ಟ ಕಾಗದವನ್ನು ಮೇಲಿಟ್ಟು, ಫೆಲ್ಟ್ ಹೊದಿಸಿ ಪ್ರೆಸ್‌ನ ಚಕ್ರ ತಿರುಗಿಸುತ್ತೇವೆ. ಕಾಗದ ಎತ್ತಿದಾಗ ಚಿತ್ರ ಉಲ್ಟಾ ಬಂದಿರುತ್ತದೆ. ನಾವು ಅಂದುಕೊಂಡದ್ದೇ ಬಂದಿರುವುದು ಅಪರೂಪ. ಮತ್ತೆ ಪ್ಲೇಟಿಗೆ ಹೋಗುತ್ತೇವೆ, ಒಂದು ಕಡೆ ಕೆರೆದು ತಿಳಿಯಾಗಿಸುತ್ತೇವೆ, ಇನ್ನೊಂದು ಕಡೆ ನೆರಳಿನಂಥ ಛಾಯೆ ಕೊಡುವ ಅಕ್ವಾಟಿಂಟ್ ಹಾಕುತ್ತೇವೆ, ಇನ್ನೊಂದು ಪ್ರೂಫ್ ತೆಗೆಯುತ್ತೇವೆ. ಗೋಡೆ ಮೇಲೆ ಆ ಪ್ರೂಫ್‌ಗಳನ್ನು ಸಾಲಾಗಿ ಅಂಟಿಸಿದರೆ ನಮ್ಮ ಯೋಚನೆ ಎಲ್ಲಿ ತಿರುಗಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಪೇಂಟಿಂಗ್‌ನಲ್ಲಿ ಹಳೆಯ ಪದರ ಹೊಸದರ ಕೆಳಗೆ ಮುಚ್ಚಿಹೋಗುತ್ತದೆ. ಇಲ್ಲಿ ಪ್ರತಿ ಹಂತವೂ ಕಾಗದದ ಮೇಲೆ ಉಳಿಯುತ್ತದೆ. ಸ್ನಾತಕೋತ್ತರ ಮಟ್ಟದಲ್ಲಿ ಕಲಿಯಬೇಕಾದ್ದು ಇದನ್ನೇ ಅಂತ ನನ್ನ ನಂಬಿಕೆ. ಟೆಕ್ನಿಕ್‌ಗಳ ಪಟ್ಟಿ ಬೇಕಾದವರಿಗೆ ಯೂಟ್ಯೂಬ್ ಇದೆ.

ಕೃಷ್ಣ ರೆಡ್ಡಿ ಅವರ ಪ್ರಿಂಟುಗಳನ್ನು ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. 1925ರಲ್ಲಿ ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿ, ಶಾಂತಿನಿಕೇತನದಲ್ಲಿ ಓದಿ, ಪ್ಯಾರಿಸ್‌ಗೆ ಹೋದವರು. ಒಂದೇ ಪ್ಲೇಟಿನಿಂದ, ಪ್ರೆಸ್‌ನಲ್ಲಿ ಒಂದೇ ಸಲ ಎಳೆದು, ಹಲವು ಬಣ್ಣ ತರುವ ವಿಸ್ಕಾಸಿಟಿ ವಿಧಾನವನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. ಪ್ಲೇಟನ್ನು ಬೇರೆ ಬೇರೆ ಆಳಕ್ಕೆ ಕೊರೆದು, ಎಣ್ಣೆ ಜಾಸ್ತಿ ಇರುವ ತೆಳು ಇಂಕನ್ನು ಗಟ್ಟಿ ರೋಲರ್‌ನಿಂದ ಮೇಲ್ಭಾಗಕ್ಕೆ ಹಚ್ಚುತ್ತಾರೆ. ಆಮೇಲೆ ಮಂದ ಇಂಕನ್ನು ಮೆತ್ತನೆ ರೋಲರ್‌ನಿಂದ ಉರುಳಿಸಿದರೆ ಅದು ತಗ್ಗಿಗೆ ಇಳಿಯುತ್ತದೆ, ತೆಳು ಇಂಕ್ ಕೂತ ಕಡೆ ಹಿಡಿಯುವುದಿಲ್ಲ. ಕೇಳಲು ಸುಲಭ. ಮಾಡಲು ಕೂತರೆ ಎಣ್ಣೆಯ ಒಂದೆರಡು ಹನಿ ಹೆಚ್ಚುಕಮ್ಮಿಯಾದರೂ ಬಣ್ಣ ಕಲಸಿಹೋಗುತ್ತದೆ.

ಅವರು ಇದನ್ನು ಮಾಡಿದ ಜಾಗ ಯಾವುದು ಅನ್ನುವುದು ನನಗೆ ಮುಖ್ಯ. ಬ್ರಿಟಿಷ್ ಕಲಾವಿದ ಹೇಟರ್ 1927ರಲ್ಲಿ ಪ್ಯಾರಿಸ್‌ನಲ್ಲಿ ಶುರು ಮಾಡಿದ, ಮುಂದೆ ಆತಲಿಯೇ 17 ಅಂತ ಹೆಸರಾದ ಕಾರ್ಯಾಗಾರ ಅದು. ಅಲ್ಲಿ ಸ್ಪೇನ್‌ನ ಚಿತ್ರಕಾರ ಮೀರೋ ಅವರಂಥ ಹೆಸರುವಾಸಿಗಳೂ ಹೊಸಬರೂ ಒಂದೇ ಪ್ರೆಸ್ ಹಂಚಿಕೊಂಡು ಕೆಲಸ ಮಾಡುತ್ತಿದ್ದರು. ಅಲೀಗಢದಲ್ಲಿ ಗಣಿತ ಓದಿದ್ದ ಝರೀನಾ ಹಾಶ್ಮಿ ಕೂಡ ಎಚ್ಚಿಂಗ್ ಕಲಿತದ್ದು ಅಲ್ಲೇ. ಅವರ ಹತ್ತಿರ ಕಲಾ ಡಿಗ್ರಿ ಇರಲಿಲ್ಲ. ಬಾಗಿಲು ತೆರೆದಿತ್ತು, ಪ್ರೆಸ್ ಇತ್ತು, ಪಕ್ಕದಲ್ಲಿ ಕೆಲಸ ಗೊತ್ತಿದ್ದವರು ಇದ್ದರು.

ಈಗ ನಮ್ಮಲ್ಲಿಗೆ ಬನ್ನಿ. ಮೈಸೂರು, ಬೆಂಗಳೂರು, ದಾವಣಗೆರೆ, ಕಲಬುರಗಿ, ಇಲ್ಲೆಲ್ಲ ಕಲಾ ಕಾಲೇಜುಗಳಿವೆ. ಒಳ್ಳೆಯ ಮೇಷ್ಟ್ರುಗಳೂ ಇದ್ದಾರೆ. ಆದರೆ ನಾನು ಓದಿದ ಕಡೆ ಆಸಿಡ್ ರೂಮಿನಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಲಿಲ್ಲ. ನೈಟ್ರಿಕ್ ಆಸಿಡ್ ಸತುವನ್ನು ತಿನ್ನುವಾಗ ಏಳುವ ಕಂದು ಹೊಗೆ ಶ್ವಾಸಕೋಶವನ್ನೇ ಹಾಳುಮಾಡುವಂಥದ್ದು. ನಾವು ಕರ್ಚೀಫ್ ಕಟ್ಟಿಕೊಂಡು ಅದರ ಮುಂದೆ ನಿಲ್ಲುತ್ತಿದ್ದೆವು. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗೆ ಸುರಿಯಬಾರದು ಅನ್ನುವ ಮೊದಲ ಪಾಠವನ್ನೂ ಸೀನಿಯರ್‌ಗಳೇ ಹೇಳಿಕೊಟ್ಟರು. ಬೇರೆ ದಾರಿ ಇಲ್ಲ ಅಂತಲ್ಲ. ತಾಮ್ರಕ್ಕೆ ಫೆರಿಕ್ ಕ್ಲೋರೈಡ್ ಇದೆ, ಸತುವಿಗೆ ಮೈಲುತುತ್ತ ಮತ್ತು ಉಪ್ಪಿನ ದ್ರಾವಣ ಇದೆ. ಅವುಗಳಲ್ಲಿ ಆ ಕಂದು ಹೊಗೆ ಬರುವುದಿಲ್ಲ. ಕೈಗವಸು, ಕನ್ನಡಕ ಇವಕ್ಕೂ ಬೇಕು, ಆದರೂ ಎಷ್ಟೋ ವಾಸಿ. ಸೀಟು ತಗೊಳ್ಳುವ ಮೊದಲು ಆ ರೂಮನ್ನು ಹೋಗಿ ನೋಡಿ. ಫ್ಯಾನ್ ಹಾಕಿಸಿ ನೋಡಿ. ಪ್ರೆಸ್ ರೂಮಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಸಂಜೆ ಐದರ ಮೇಲೆ ತೆಗೆಯುತ್ತಾರಾ ಅಂತ ಹಳೇ ವಿದ್ಯಾರ್ಥಿಗಳನ್ನು ಕೇಳಿ. ಪ್ರಾಸ್ಪೆಕ್ಟಸ್‌ನಲ್ಲಿ ಇದ್ಯಾವುದೂ ಇರುವುದಿಲ್ಲ.

ಓದು ಮುಗಿದ ಮೇಲಿನ ಕಥೆ ಇನ್ನೂ ಬೇಜಾರಿನದು. ಎಚ್ಚಿಂಗ್ ಪ್ರೆಸ್ ಅಂದರೆ ಲಕ್ಷದ ಲೆಕ್ಕ, ಜೊತೆಗೆ ಕ್ವಿಂಟಾಲ್‌ಗಟ್ಟಲೆ ಭಾರ. ಬಾಡಿಗೆ ಮನೆಯ ಎರಡನೇ ಮಹಡಿಗೆ ಅದನ್ನು ಹೇಗೆ ಏರಿಸುವುದು? ನಮ್ಮ ಬ್ಯಾಚಿನವರಲ್ಲಿ ಕೆಲವರು ಎನ್‌ಇಟಿ ಅರ್ಹತಾ ಪರೀಕ್ಷೆ ಬರೆದು ಕಾಲೇಜಿನಲ್ಲಿ ಪಾಠ ಹೇಳಲು ಹೋದರು, ಕೆಲವರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದರು, ಕೆಲವರು ಆನಿಮೇಷನ್ ಕಂಪನಿ ಸೇರಿದರು. ಯಾವುದೂ ಕೀಳು ಕೆಲಸವಲ್ಲ. ಆದರೆ ಅಷ್ಟು ಚೆನ್ನಾಗಿ ಎಚ್ಚಿಂಗ್ ಮಾಡುತ್ತಿದ್ದವರು ಪ್ರೆಸ್ ಸಿಗದೆ ಅದನ್ನು ಬಿಟ್ಟರಲ್ಲ, ಅದು ಮಾತ್ರ ನನಗೆ ಇವತ್ತಿಗೂ ಸಂಕಟ.

"ಪ್ರೆಸ್ ಇಲ್ಲದೇನೂ ಮಾಡಬಹುದಲ್ಲ" ಅನ್ನುವವರಿದ್ದಾರೆ. ನಿಜ. ವುಡ್‌ಕಟ್, ಲಿನೋಕಟ್‌ಗಳನ್ನು ಚಮಚದ ಬೆನ್ನಿನಿಂದ ಉಜ್ಜಿಯೂ ತೆಗೆಯಬಹುದು, ನಾನೂ ಈಗ ಮನೆಯಲ್ಲಿ ಅದನ್ನೇ ಮಾಡುತ್ತೇನೆ. 1943ರ ಬಂಗಾಳದ ಬರಗಾಲವನ್ನು ಕಣ್ಣಾರೆ ಕಂಡಿದ್ದ ಕಲಾವಿದ ಸೋಮನಾಥ್ ಹೋರ್ 'ಗಾಯಗಳು' ಸರಣಿಯಲ್ಲಿ ಕಾಗದದ ತಿರುಳನ್ನೇ ಅಚ್ಚಿಗೆ ಒತ್ತಿ, ಬಿಳಿಯ ಮೇಲೆ ಬಿಳಿಯಾಗಿ ಗಾಯಗಳನ್ನು ಮೂಡಿಸಿದರು. ಆದರೆ ಲೋಹದ ಪ್ಲೇಟಿನ ಗೆರೆಯೊಳಗೆ ಕೂತ ಇಂಕನ್ನು ಕಾಗದ ಎಳೆದುಕೊಳ್ಳಬೇಕಾದರೆ ಒತ್ತಡ ಬೇಕೇ ಬೇಕು. ಅದು ಕೈಯಿಂದ ಆಗುವ ಕೆಲಸವಲ್ಲ. ಮತ್ತೆ, ಇಲ್ಲದ್ದನ್ನು ಇಲ್ಲದೆಯೇ ನಿಭಾಯಿಸಿ ಅಂತ ಕಲಾವಿದರಿಗೆ ಹೇಳುತ್ತಲೇ ಇರುವುದು ಸರಿಯಾ?

ನನ್ನ ಬೇಡಿಕೆ ಒಂದೇ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಕಂದಾಯ ವಿಭಾಗಕ್ಕೊಂದರಂತೆ ಸಾರ್ವಜನಿಕ ಪ್ರಿಂಟ್ ಸ್ಟುಡಿಯೋ ಬೇಕು. ಹೊಸ ಕಟ್ಟಡ ಬೇಡ. ಕಾಲೇಜುಗಳ ಪ್ರೆಸ್‌ಗಳು ರಜೆಯಲ್ಲಿ ಸುಮ್ನೆ ನಿಂತಿರುತ್ತವೆ. ಶನಿವಾರ, ಭಾನುವಾರ, ಬೇಸಿಗೆ ರಜೆಯಲ್ಲಿ ಹಳೇ ವಿದ್ಯಾರ್ಥಿಗಳಿಗೆ ಫೀ ತಗೊಂಡು ತೆರೆಯಿರಿ. ಕೆಲಸ ಗೊತ್ತಿರುವ ಒಬ್ಬ ಟೆಕ್ನಿಷಿಯನ್‌ಗೆ ಸರಿಯಾದ ಸಂಬಳ ಕೊಡಿ, ಯಾಕೆಂದರೆ ಅಂಥವರಿಲ್ಲದ ಕಡೆ ಪ್ರೆಸ್ ಬೇಗ ಹಾಳಾಗುತ್ತದೆ. ಕೇಂದ್ರ ಲಲಿತಕಲಾ ಅಕಾಡೆಮಿ ದೆಹಲಿಯ ಗಢಿಯಲ್ಲಿ ಕಲಾವಿದರಿಗೆ ಇಂಥ ಜಾಗ ಮಾಡಿಕೊಟ್ಟಿದೆ. ನಮ್ಮ ಬೆಂಗಳೂರಿನ ಕಲಾವಿದ ಯೂಸುಫ್ ಅರಕ್ಕಲ್ ಗ್ರಾಫಿಕ್ಸ್, ಅಂದರೆ ಪ್ರಿಂಟ್‌ಮೇಕಿಂಗ್, ಕಲಿತದ್ದು ಅಲ್ಲೇ. ಬರೋಡಾದಲ್ಲಿ ಕಲಾವಿದರೇ ಸೇರಿ ಛಾಪ್ ಅನ್ನುವ ಸ್ಟುಡಿಯೋ ಕಟ್ಟಿದ್ದಾರೆ. ಬೆಂಗಳೂರಿನಲ್ಲೂ ಕೆಲವು ಕಲಾವಿದರು ಕೈಯಿಂದ ದುಡ್ಡು ಹಾಕಿ ಸಣ್ಣ ಸ್ಟುಡಿಯೋ ನಡೆಸುತ್ತಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ. ಆದರೆ ಬೀದರ್‌ನ ಹುಡುಗಿ ಒಂದು ಪ್ಲೇಟ್ ಅಚ್ಚು ಹಾಕಲು ಬೆಂಗಳೂರಿನವರೆಗೆ ಬರಬೇಕಾ?

ಅಚ್ಚಿನ ಕೆಲಸ ನಮಗೆ ಹೊಸದೇನೂ ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈನಲ್ಲಿ ಬಾಸೆಲ್ ಮಿಷನ್‌ನ ಮೋಗ್ಲಿಂಗ್ ಅವರಿಂದ ಹೊರಬಂದಾಗ ಅದು ಕಲ್ಲಚ್ಚಿನಲ್ಲೇ ಇತ್ತು. ಇವತ್ತು ಲಿಥೋಗ್ರಫಿ ವಿದ್ಯಾರ್ಥಿ ಮಾಡುವುದೂ ಅದೇ ಕೆಲಸ. ಸುಣ್ಣದಕಲ್ಲನ್ನು ಉಜ್ಜಿ ಸಮ ಮಾಡಿ, ಜಿಡ್ಡಿನ ಕ್ರೇಯಾನ್‌ನಿಂದ ಬರೆದು, ಗೋಂದು ಹಚ್ಚಿ, ನೀರು ಮತ್ತು ಜಿಡ್ಡು ಒಂದಕ್ಕೊಂದು ಸೇರದ ಗುಣವನ್ನೇ ನಂಬಿ ಅಚ್ಚು ತೆಗೆಯುವುದು. ಒಳ್ಳೆಯ ಕಲ್ಲು ಜರ್ಮನಿಯ ಸೋಲ್ನ್‌ಹೋಫನ್‌ನದು. ಹೊಸದಾಗಿ ತರಿಸುವುದು ಕಷ್ಟ, ಹಳೆಯದನ್ನೇ ಮತ್ತೆ ಮತ್ತೆ ಉಜ್ಜಿ ಬಳಸುತ್ತೇವೆ. ಪ್ರತಿ ಸಲ ಉಜ್ಜಿದಾಗಲೂ ಕಲ್ಲು ಸ್ವಲ್ಪ ತೆಳುವಾಗುತ್ತದೆ.

ಅದಕ್ಕೇ ಇದನ್ನು ಓದುತ್ತಿರುವ ಎಲ್ಲರಲ್ಲೂ ಒಂದು ಕೇಳಿಕೆ. ನಿಮ್ಮ ಊರಿನಲ್ಲಿ ಮುಚ್ಚಿಹೋದ ಹಳೇ ಪ್ರಿಂಟಿಂಗ್ ಪ್ರೆಸ್ ಇದೆಯಾ? ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ್ದು? ಅಲ್ಲಿ ಮೂಲೆಯಲ್ಲಿ ಪ್ರೂಫ್ ತೆಗೆಯುವ ಪ್ರೆಸ್, ಇಂಕ್ ರೋಲರ್, ದಪ್ಪನೆಯ ಲಿಥೋ ಕಲ್ಲು ಏನಾದರೂ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ. ಆ ಪ್ರೂಫ್ ಪ್ರೆಸ್‌ನಲ್ಲಿ ವುಡ್‌ಕಟ್, ಲಿನೋಕಟ್ ತುಂಬಾ ಚೆನ್ನಾಗಿ ಬರುತ್ತವೆ. ಒಂದು ಫೋಟೋ ತೆಗೆದು ಇಲ್ಲಿ ಕಾಮೆಂಟಿನಲ್ಲಿ ಹಾಕಿ, ಊರ ಹೆಸರು ಬರೆಯಿರಿ. ಹತ್ತಿರದ ಕಲಾ ಶಾಲೆಯವರನ್ನೋ, ಅಲ್ಲೇ ಇರುವ ಪ್ರಿಂಟ್‌ಮೇಕರ್‌ನನ್ನೋ ನಿಮಗೆ ಜೋಡಿಸುವ ಕೆಲಸ ನಾನು ಮಾಡುತ್ತೇನೆ.