ಕೌದಿ ಕಲೆಯೇ ಇರಲಿ, ಕೂಲಿ ಎಲ್ಲಿ?

ಕಲಬುರಗಿಯಲ್ಲಿ ಮೊನ್ನೆ ಒಂದು ಕಲಾ ಶಿಬಿರ ಆಯ್ತು. ಮನೆಯಲ್ಲಿದ್ದ ಹಳೆ ಸೀರೆ, ಧೋತರ ತರೋದು, ಓಣಿಯ ಹೆಣ್ಣುಮಕ್ಕಳೆಲ್ಲ ಕೂತು ಒಂದೇ ದೊಡ್ಡ ಕೌದಿ ಹೊಲಿಯೋದು. ಆಮೇಲೆ ಅದು ಪ್ರದರ್ಶನದ ಗೋಡೆ ಏರಿತು. ಫೋಟೋ ಹಾಕಿದ್ದೇ ತಡ, ಜನರ ಟೀಕೆ ಶುರುವಾಯ್ತು: "ಇದೇನ್ ಕಲೆ ರೀ? ನಮ್ಮವ್ವನೂ ಹೊಲೀತಾಳ!"

ಅವ್ವ ಹೊಲಿದರೆ ಕಲೆ ಅಲ್ಲ ಅನ್ನೋದು ಯಾವ ನ್ಯಾಯ? ಚಿತ್ರಕಾರ ಎಸ್.ಎಂ. ಪಂಡಿತರು ನಮ್ಮೂರಿನವರೇ. ಅವರು ಬರೆದ ದೇವರುಗಳು ಕ್ಯಾಲೆಂಡರಲ್ಲಿ ಮನೆಮನೆ ಸೇರಿದವು. ಕ್ಯಾಲೆಂಡರ್ ಚಿತ್ರ ಅಂದ್ರೆ ಮೂಗು ಮುರಿಯೋರು ಆಗಲೂ ಇದ್ದರು. ಇವತ್ತು ಊರಿನ ರಂಗಮಂದಿರಕ್ಕೆ ಪಂಡಿತರದೇ ಹೆಸರು.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1987ರಲ್ಲಿ ಸುಜಾನ್ ಲೇಸಿ ಅನ್ನೋ ಕಲಾವಿದೆ ಅರವತ್ತು ದಾಟಿದ 430 ಹೆಂಗಸರನ್ನು ಒಂದು ಕಟ್ಟಡದ ಅಂಗಳದಲ್ಲಿ ಮೇಜುಗಳ ಸುತ್ತ ಕೂರಿಸಿದರು. ಮೇಲಿಂದ ನೋಡಿದರೆ ಬಣ್ಣದ ದೊಡ್ಡ ಕೌದಿ. ಒಂದು ಟಾಕಿ, ಅಂದ್ರೆ ಒಂದು ಹೊಲಿಗೆಯೂ ಹಾಕಿರಲಿಲ್ಲ! ವಯಸ್ಸಾಗೋದರ ಬಗ್ಗೆ ಅವರು ಮಾತಾಡಿದರು, ಮೇಜಿನ ಮೇಲೆ ಆಗಾಗ ಕೈ ಇಡೋ ರೀತಿ ಬದಲಿಸಿದರು. ಅಷ್ಟೇ ಕಲಾಕೃತಿ. ಅದನ್ನ ಒಪ್ಪಿದವರಿಗೆ ನಿಜವಾಗಿ ಹೊಲಿದ ಕೌದಿ ಒಪ್ಪೋಕೆ ಏನು ಕಷ್ಟ, ಹೇಳಿ.

ಶಿಬಿರದಲ್ಲಿ ನನಗೆ ಹಿಡಿಸಿದ್ದು ಒಂದೇ ಜಗಳ. ಕಲಾವಿದರು ಚಂದ ಕಾಣಲಿ ಅಂತ ಉದ್ದುದ್ದ ಟಾಕಿ ಹಾಕಿದ್ದರು. ಒಬ್ಬ ಅಜ್ಜಿ ಸೂಜಿ ಮೊನೆಯಿಂದ ಒಂದೊಂದೇ ಬಿಚ್ಚಿದರು. "ಇಷ್ಟ್ ಉದ್ದ ಹಾಕಿದ್ರ ಕೂಸಿನ ಕಾಲ್ಬೆರಳು ಸಿಕ್ತಾವ್ರಿ." ಮತ್ತೆ ಜೋಳದ ಕಾಳಿನಷ್ಟು ಸಣ್ಣ ಟಾಕಿ, ಸಾಲು ಹಿಡಿದು. ಕಲಾವಿದರು ಮೊದಲು ಮುಖ ಸಣ್ಣ ಮಾಡಿಕೊಂಡರು, ಆಮೇಲೆ ಸುಮ್ನೆ ಪಕ್ಕದಲ್ಲಿ ಕೂತು ಕಲಿತರು. ಎಲ್ಲರೂ ಸೇರಿ ಮಾಡೋ ಕಲೆ ಅಂದ್ರೆ ಇದೇ ಅಲ್ವಾ? ಬಂದವರಿಗೆ ಬಿಚ್ಚೋಕೂ ಆಗಬೇಕು. ಬರೀ ಹೇಳಿದ ಕಡೆ ಹೊಲಿಯೋದಾದರೆ ಅದು ಬಿಟ್ಟಿ ಚಾಕರಿ.

ಬಿಟ್ಟಿ ಅಂದೆ. ನನ್ನ ತಕರಾರು ಅಲ್ಲೇ ಇದೆ. ಮನೆಗೆ ಬಂದು ಕೌದಿ ಹೊಲಿದು ಕೊಟ್ಟವರಿಗೆ ನಾವು ಕೂಲಿ ಕೊಡ್ತೀವಿ, ಚೌಕಾಸಿ ಮಾಡಿಯಾದರೂ ಕೊಡ್ತೀವಿ. ಇಲ್ಲಿ ಅದೇ ಕೈಗಳಿಗೆ ಚಹಾ, ಉಪ್ಪಿಟ್ಟು, ಒಂದು ಸರ್ಟಿಫಿಕೇಟ್. ಗೋಡೆ ಮೇಲಿನ ಚೀಟಿಯಲ್ಲಿ ಕಲಾವಿದರ ಹೆಸರು ದಪ್ಪಕ್ಷರದಲ್ಲಿ, ಕೆಳಗೆ "ಸ್ಥಳೀಯ ಮಹಿಳೆಯರ ಸಹಯೋಗದಲ್ಲಿ". ಬೀದರಿನ ಬಿದ್ರಿ ಹೂಜಿಯದೂ ಇದೇ ಕಥೆ. ಎರಕ ಹೊಯ್ಯೋರು, ಕೆತ್ತೋರು, ಬೆಳ್ಳಿ ಕೂರಿಸೋರು, ಎಷ್ಟು ಜನರ ಕೈ ದಾಟಿ ಬಂದರೂ ಕೊಳ್ಳೋರಿಗೆ ತಿಳಿಯೋದು ಅಂಗಡಿ ಹೆಸರು ಮಾತ್ರ.

ಮುಂದಿನ ಸಲ ಶಿಬಿರ ಮಾಡೋರಿಗೆ ಒಂದು ಮಾತು. ಬಜೆಟ್ಟಿನಲ್ಲಿ ಬ್ಯಾನರಿಗಿಂತ ಮೊದಲು ಕೂಲಿ ಬರೀರಿ. ಹೊಲಿದವರ ಹೆಸರೆಲ್ಲ ಚೀಟಿಗೆ ಹಾಕ್ರಿ, ಚೀಟಿ ಉದ್ದ ಆದರೆ ಆಗಲಿ. ಪ್ರದರ್ಶನ ಮುಗಿದ ಮೇಲೆ ಕೌದಿ ಯಾರ ಮನೆಗೆ ಹೋಗಬೇಕು ಅನ್ನೋದನ್ನೂ ಅವರನ್ನೇ ಕೇಳ್ರಿ.